ಬರಿದಾದ ತೋಟಾ, ಬಡವನ ಇಕ್ಕಳ

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಕೇಪಿನ ಕೋವಿಯನ್ನು ಕಂಡು ಬೆಳೆದವರಿಗೆ, ಈಡು ತುಂಬುವುದು ಬೇಟೆಗಾರನು ಸ್ವಹಸ್ತದಿಂದಲೇ ನಡೆಸತಕ್ಕ ಕೆಲಸವೆಂದು ಬೇರೆಯಾಗಿ ಹೇಳಬೇಕಾದುದಿಲ್ಲ. ನಳಿಗೆಯ ಬಾಯಿಂದ ಮಸಿಯನ್ನು, ಅಂದರೆ ಮದ್ದನ್ನು, ಅಳೆದು ಸುರಿದು, ಅದರ ಮೇಲೆ ನಾರನ್ನು ಗಜದಿಂದ ಜಡಿದು, ಚರೆಯನ್ನೋ ಗುಂಡನ್ನೋ ಇಳಿಸಿ, ಕಡೆಗೆ ಕೇಪನ್ನು ತೊಡಿಸುವ ಆ ಕ್ರಮದಲ್ಲಿ, ಪ್ರತಿಯೊಂದು ಈಡಿಗೂ ಅದನ್ನು ಹಾರಿಸುವವನೇ ಹೊಣೆಗಾರನಾಗಿದ್ದನು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಯೂರೋಪು ಅಮೆರಿಕಗಳಲ್ಲಿಯೂ ಬಹುಮಟ್ಟಿಗೆ ಇದೇ ಸ್ಥಿತಿ. ಅಲ್ಲಿಯ ಒಕ್ಕಲಿಗನ ಮನೆಯಲ್ಲಿ ಸೀಸವನ್ನು ಕರಗಿಸಿ ಗುಂಡೆರೆಯುವ ಅಚ್ಚು ಒಲೆಯ ಬಳಿ ಇರುತ್ತಿದ್ದ ಸಾಮಾನ್ಯ ಸಲಕರಣೆ.

ಮದ್ದು, ಗುಂಡು, ಕೇಪುಗಳೆಂಬ ಮೂರನ್ನೂ ಒಂದೇ ಲೋಹದ ಕೊಳವೆಯಲ್ಲಿ ಅಡಗಿಸಿದ ತೋಟಾ ಬಂದಾಗ, ಈ ಹೊಣೆಯು ಮನೆಯಿಂದ ಕಾರ್ಖಾನೆಗೆ ವರ್ಗವಾಯಿತು. ಆದರೆ ಈಡು ಹಾರಿದ ಮೇಲೆ ಮದ್ದು ಉರಿದುಹೋಗುತ್ತದೆ, ಗುಂಡು ದೂರ ಹೋಗುತ್ತದೆ, ಕೇಪು ಸಿಡಿದು ವ್ಯರ್ಥವಾಗುತ್ತದೆ. ಹಿತ್ತಾಳೆಯ ಕೊಳವೆ ಮಾತ್ರ ಬೆಚ್ಚಗೆ ಕೈಯಲ್ಲಿ ಉಳಿಯುತ್ತದೆ. ಇಡೀ ತೋಟಾದಲ್ಲಿ ಅತ್ಯಂತ ಬೆಲೆಯುಳ್ಳ ಭಾಗವೂ ಅದೇ. ಮಿತವ್ಯಯವನ್ನು ಬಲ್ಲ ಯಾವ ಸಂಸಾರಿಯು ತಾನೆ ಅದನ್ನು ಎಸೆಯಲು ಮನಸ್ಸು ಮಾಡಿಯಾನು? ಮನೆಯಲ್ಲಿ ತೋಟಾವನ್ನು ಮರಳಿ ತುಂಬುವ ಪದ್ಧತಿಯ ಮೂಲವು ಈ ಒಂದು ಪ್ರಶ್ನೆಯಲ್ಲಿದೆ.

ಆ ಪದ್ಧತಿಯು ಅಮೆರಿಕದಲ್ಲಿಯೇ ವಿಶೇಷವಾಗಿ ಬೇರೂರಿದುದಕ್ಕೆ ಒಂದು ಪುಟ್ಟ ರಂಧ್ರವೂ ಕಾರಣವಾಯಿತು. 1866ರಲ್ಲಿ ಇಂಗ್ಲೆಂಡಿನ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರನೂ ಅಮೆರಿಕದ ಹೈರಮ್ ಬರ್ಡನನೂ ಬೇರೆಬೇರೆಯಾಗಿ ಎರಡು ಬಗೆಯ ಕೇಪುಗಳನ್ನು ರೂಪಿಸಿದರು. ಬಾಕ್ಸರನ ಕ್ರಮದಲ್ಲಿ ಕಿಡಿ ಹಾಯುವ ರಂಧ್ರವು ಕೊಳವೆಯ ತಳದ ನಡುವೆ ಒಂದೇ ಇರುವುದರಿಂದ, ಒಳಗಿನಿಂದ ಸಣ್ಣ ಕಡ್ಡಿಯೊಂದನ್ನು ತಳ್ಳಿದರೆ ಹಳೆಯ ಕೇಪು ಹೊರಬೀಳುತ್ತದೆ. ಬರ್ಡನನ ಕ್ರಮದಲ್ಲಿ, ಪೆಟ್ಟು ಬಿದ್ದಾಗ ಕೇಪಿಗೆ ಆನಿಕೆಯಾಗುವ ಅಡಿಗಲ್ಲು ಕೊಳವೆಯ ತಳಕ್ಕೇ ಸೇರಿದ್ದು, ರಂಧ್ರಗಳು ಅದರ ಇಕ್ಕೆಲಗಳಲ್ಲಿರುವುದರಿಂದ ಅಷ್ಟು ಸುಲಭವಾಗಿ ಕೇಪನ್ನು ಕಳಚಲಾಗದು. ಕಾಲಕ್ರಮದಲ್ಲಿ ಇಂಗ್ಲಿಷನ ಕೇಪು ಅಮೆರಿಕದಲ್ಲಿಯೂ, ಅಮೆರಿಕನ್ನನ ಕೇಪು ಯೂರೋಪಿನ ಬಹುಭಾಗದಲ್ಲಿಯೂ ರೂಢವಾದುದು ಚರಿತ್ರೆಯ ಒಂದು ವೈಚಿತ್ರ್ಯ. ಅಮೆರಿಕದ ಬಡ ಬೇಟೆಗಾರನಿಗಂತೂ ಅದು ದೊಡ್ಡ ಉಪಕಾರವಾಯಿತು.

1870ರ ದಶಕದಲ್ಲಿ ಪಶ್ಚಿಮದ ಬಯಲುಗಳಲ್ಲಿ ಕಾಡೆಮ್ಮೆಯ ಹಿಂಡುಗಳನ್ನು ನಿರ್ದಯವಾಗಿ ಕೊಂದು ಚರ್ಮವನ್ನು ಮಾರುತ್ತಿದ್ದವರು, ಮದ್ದನ್ನೂ ಸೀಸವನ್ನೂ ಕೇಪುಗಳನ್ನೂ ಬಂಡಿಗಳಲ್ಲಿ ಹೇರಿಕೊಂಡು ಹೋಗಿ, ಹಗಲು ಬರಿದು ಮಾಡಿದ ತೋಟಾಗಳನ್ನು ಇರುಳು ಬಿಡಾರದ ಬೆಂಕಿಯ ಬೆಳಕಿನಲ್ಲಿ ತುಂಬುತ್ತಿದ್ದರು. ಆ ಸಂಹಾರವನ್ನು ಯಾರೂ ಹೊಗಳಲಾರರು. ಆದರೆ ಅಂಗಡಿಯಿಂದ ನೂರಾರು ಮೈಲು ದೂರದಲ್ಲಿ ಕೈಯಳತೆಯ ಸಲಕರಣೆಗಳಿಂದಲೇ ಕೆಲಸ ಸಾಗುತ್ತದೆಂಬುದು ಲೋಕಕ್ಕೆ ತಿಳಿದುದು ಅಂಥವರಿಂದಲೇ.

1884ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ಪಟ್ಟಣದಲ್ಲಿ ಜಾನ್ ಬಾರ್ಲೋ ಎಂಬಾತನು ಐಡಿಯಲ್ ಕಂಪೆನಿಯನ್ನು ಸ್ಥಾಪಿಸಿ, ಈ ಕೆಲಸಕ್ಕೆ ಒಂದು ಇಕ್ಕಳವನ್ನು ಮಾರುಕಟ್ಟೆಗೆ ತಂದನು. ನಮ್ಮ ಅಡಕೊತ್ತನ್ನು ನೆನೆದರೆ ಅದರ ಆಕಾರವು ಕಣ್ಣಿಗೆ ಕಟ್ಟುತ್ತದೆ: ಎರಡು ಹಿಡಿ, ನಡುವೆ ಒಂದು ಕೀಲು, ಕೀಲಿನ ಬಳಿ ತೋಟಾ ಕೂರುವ ಗೂಡು. ಹಳೆಯ ಕೇಪನ್ನು ಕಳಚುವುದು, ಹೊಸದನ್ನು ಕೂರಿಸುವುದು, ಹಿಗ್ಗಿದ ಕೊರಳನ್ನು ಬಿಗಿಗೊಳಿಸುವುದು, ಗುಂಡನ್ನು ಒತ್ತುವುದು ಇವೆಲ್ಲವೂ ಕೈಯ ಹಿಸುಕಿನಿಂದಲೇ ಆಗುತ್ತಿದ್ದುವು. ಕೆಲವು ಮಾದರಿಗಳಲ್ಲಿ ಇಕ್ಕಳದ ತುದಿಗೇ ಗುಂಡೆರೆಯುವ ಅಚ್ಚನ್ನೂ ಕೂಡಿಸಿದ್ದರು. ಮರದ ಹಿಡಿಯಿಲ್ಲದ ಆ ಕಬ್ಬಿಣವು ನಾಲ್ಕಾರು ಗುಂಡು ಎರೆಯುವಷ್ಟರಲ್ಲಿ ಅಂಗೈಯನ್ನು ಸುಡುತ್ತಿತ್ತು. ಅಗ್ಗಕ್ಕೆ ಅಷ್ಟು ತೆರಿಗೆಯನ್ನು ಕೊಳ್ಳುವವನು ತೆರಲೇಬೇಕಾಗಿತ್ತು. 1925ರಲ್ಲಿ ಐಡಿಯಲ್ ಸಲಕರಣೆಗಳ ವ್ಯವಹಾರವು ಲೈಮನ್ ಕಂಪೆನಿಯ ವಶವಾದ ಮೇಲೂ ಆ ಇಕ್ಕಳದ ಸಂತತಿಯು ಅಳಿಯಲಿಲ್ಲ.

ಇಷ್ಟರಲ್ಲಿ ಮದ್ದಿನ ಜಾತಿಯೇ ಬದಲಾಗಿದ್ದಿತು. ಕರಿಮದ್ದು ಕ್ಷಮಾಶೀಲವಾದ ವಸ್ತು. ಕೊಳವೆ ತುಂಬ ಸುರಿದರೂ, ಒಂದು ಚಿಟಿಕೆ ಹೆಚ್ಚು ಕಡಮೆಯಾದರೂ, ಸಾಧಾರಣವಾಗಿ ಅನರ್ಥವಾಗುತ್ತಿರಲಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಕಂಡುಹಿಡಿದ ಹೊಗೆಯಿಲ್ಲದ ಮದ್ದಾದರೋ ಅದಕ್ಕಿಂತ ಬಹು ಪ್ರಬಲ. ಅದರ ತೂಕದ ಮಾನವಾದ ಗ್ರೇನ್ ಎಂಬುದು ಪೌಂಡಿನ 7000ದಲ್ಲಿ ಒಂದು ಪಾಲು, ನಮ್ಮ ಅಕ್ಕಸಾಲಿಗನ ಗುಲಗಂಜಿಯ ಸುಮಾರು ಅರ್ಧ. ಹೊಸ ಮದ್ದಿನಲ್ಲಿ ಅಂಥ ಒಂದೆರಡು ಗ್ರೇನಿನ ತಪ್ಪು ಕೋವಿಯನ್ನೇ ಒಡೆಯಬಲ್ಲುದು. ಹಳೆಯ ಕೇಪುಗಳಲ್ಲಿದ್ದ ಪಾದರಸವು ಹಿತ್ತಾಳೆಯೊಡನೆ ಬೆರೆತು ಕೊಳವೆಯನ್ನು ಪೆಡಸು ಮಾಡುತ್ತಿದ್ದುದು ಮತ್ತೊಂದು ಉಪದ್ರವ. ಹೀಗಾಗಿ, ಮದ್ದನ್ನು ಕಣ್ಣಳತೆಯಿಂದ ತುಂಬುತ್ತಿದ್ದವನ ಮೇಜಿನ ಮೇಲೆ ತಕ್ಕಡಿಯು ಬಂದು ಕುಳಿತಿತು. ಪರೀಕ್ಷಿಸಿ ಮುದ್ರಿಸಿದ ತೂಕದ ಕೋಷ್ಟಕವು ಅವನಿಗೆ ಪಂಚಾಂಗದಂತಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೇಟೆಯ ತೋಟಾ ದುರ್ಲಭವಾಗಲು, ಅಭಾವವೇ ಅನೇಕರನ್ನು ಕುಶಲಿಗಳನ್ನಾಗಿ ಮಾಡಿತು. ಕ್ಯಾಲಿಫೋರ್ನಿಯದ ಓರೊವಿಲ್ಲಿನಲ್ಲಿ ಫ್ರೆಡ್ ಹಂಟಿಂಗ್ಟನ್ ಎಂಬಾತನು 1943ರಲ್ಲಿ, ಸಣ್ಣ ತೋಟಾದ ಬರಿಯ ಕೊಳವೆಗಳನ್ನೇ ಗುಂಡಿನ ಕವಚವಾಗಿಸುವ ಅಚ್ಚುಗಳನ್ನು ಮಾಡತೊಡಗಿದನು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಮದ್ದನ್ನು ಬ್ರೂಸ್ ಹಾಜ್ಡನನು ಕೊಂಡು ಸುಲಭ ಬೆಲೆಗೆ ಮಾರಿದನು. ಜಾಯ್ಸ್ ಹಾರ್ನಡಿಯು 1949ರಲ್ಲಿ ನೆಬ್ರಾಸ್ಕದಲ್ಲಿ ಗುಂಡುಗಳ ತಯಾರಿಕೆಯನ್ನು ಆರಂಭಿಸಿದನು. ಯುದ್ಧದಿಂದ ಹಿಂದಿರುಗಿ ಬೇಟೆಯನ್ನೋ ಗುರಿಯಾಟವನ್ನೋ ಹಿಡಿದ ಯುವಕರಿಗೆ ಮದ್ದೂ ಗುಂಡೂ ಹೀಗೆ ಎಟುಕಿದುವು. ಉಳಿದುದು ಸಲಕರಣೆಯ ಬೆಲೆಯೊಂದೇ.

ಆ ತೊಡಕನ್ನು ಬಿಡಿಸಿದವನು ವಿಸ್ಕಾನ್ಸಿನ್ನಿನ ಹಾರ್ಟ್‌ಫರ್ಡ್ ಊರಿನ ರಿಚರ್ಡ್ ಲೀ. 1958ರಲ್ಲಿ ಚರೆಯ ತೋಟಾಗಳಿಗಾಗಿಯೂ, ತರುವಾಯ ರೈಫಲಿನ ತೋಟಾಗಳಿಗಾಗಿಯೂ ಅವನು ಹೊರತಂದ ಲೀ ಲೋಡರ್ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಹಿಡಿಯುವಷ್ಟು ಸಣ್ಣದು. ಮೇಜಿಗೆ ಬಿಗಿಯುವ ಭಾರಿ ಪ್ರೆಸ್ಸಿನ ಸ್ಥಾನದಲ್ಲಿ ಒಂದು ಕೊಡತಿ, ಮದ್ದನ್ನು ಮೊಗೆಯಲು ಒಂದು ಅಳತೆಯ ಮಿಳ್ಳೆ, ಉಕ್ಕಿನ ನಾಲ್ಕಾರು ತುಂಡು, ಇಷ್ಟೇ ಅದರ ಸಂಭಾರ. ರೈಫಲಿನ ತೋಟಾದ ಕೊರಳನ್ನು ಮಾತ್ರ ಅದು ತಿದ್ದುವುದರಿಂದ, ಯಾವ ಕೋವಿಯಲ್ಲಿ ಹಾರಿತ್ತೋ ಅದೇ ಕೋವಿಗೆ ಆ ತೋಟಾ ಚೆನ್ನಾಗಿ ಹೊಂದುತ್ತಿತ್ತು. ಕೆಲಸವೇನೋ ನಿಧಾನ, ಆದರೆ ಬಿಡುವಿನ ವೇಳೆಯಲ್ಲಿ ಒಂದು ಪೆಟ್ಟಿಗೆ ತೋಟಾ ತುಂಬಿಕೊಳ್ಳುವ ಸಾಮಾನ್ಯನಿಗೆ ಅವಸರವಾದರೂ ಏತಕ್ಕೆ?

ಬಾರ್ಲೋವಿನ ಇಕ್ಕಳದಿಂದ ಲೀಯ ಕೊಡತಿಯವರೆಗಿನ ಈ ಪರಂಪರೆಯನ್ನು ಅವಲೋಕಿಸಿದರೆ, ಜನರು ಬಲವನ್ನೂ ವೇಗವನ್ನೂ ಬಿಟ್ಟುಕೊಟ್ಟು ಅಗ್ಗವನ್ನು ಆರಿಸಿಕೊಂಡರೇ ಹೊರತು, ಅಳತೆಯ ನಿಷ್ಠೆಯನ್ನು ಬಿಟ್ಟುಕೊಟ್ಟವರಾರೂ ಬಹುಕಾಲ ಕ್ಷೇಮವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯು ಮದ್ದುಗುಂಡಿನ ತಯಾರಿಕೆಯನ್ನು ಪರವಾನಗಿಗೆ ಒಳಪಡಿಸಿರುವುದೂ ಆ ಹೊಣೆಯ ಗುರುತ್ವವನ್ನೇ ಸೂಚಿಸುತ್ತದೆ. ಮಿತವ್ಯಯವು ಇಕ್ಕಳದಲ್ಲಿ ಸಲ್ಲುತ್ತದೆ, ತಕ್ಕಡಿಯಲ್ಲಿ ಸಲ್ಲದು.