ಚಾಂಪಿಯನ್ ರೀಫ್ಸ್ ಮನೆಗೆ ಬ್ಯಾಂಕ್ ಸಾಲ ಯಾಕೆ ಹುಟ್ಟಲ್ಲ?

ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯ ಹಳೇ ಕ್ವಾರ್ಟರ್ಸ್ ಒಂದು ಕಡಿಮೆ ರೇಟಿಗೆ ಬಂದಿದೆಯಂತೆ. ಸ್ಟಾಂಪ್ ಪೇಪರ್ ಮೇಲೆ ಬರೆದುಕೊಡ್ತಾರಂತೆ. ‘ತಗೊಂಡು ಬಾಡಿಗೆಗೆ ಬಿಡೋಣ ಅಂತಿದ್ದೀನಿ, ಹೋಮ್ ಲೋನ್ ಸಿಗುತ್ತಾ?’

ಸಿಗಲ್ಲ. ಯಾಕೆ ಅನ್ನೋದಕ್ಕೆ ಸ್ವಲ್ಪ ಹಳೇ ಕಥೆ ಕೇಳಬೇಕು.

ಬೆಂಗಳೂರಿನ ಲ್ಯಾವೆಲ್ ರೋಡ್ ಗೊತ್ತಲ್ಲ, ಆ ಹೆಸರಿನ ಮೈಕೆಲ್ ಲ್ಯಾವೆಲ್‌ಗೆ 1875ರಲ್ಲಿ ಮೈಸೂರು ಸರ್ಕಾರ ಕೋಲಾರದ ಕಡೆ ಚಿನ್ನ ಅಗೆಯುವ ಹಕ್ಕು ಕೊಟ್ಟಿತು. ಹಕ್ಕು ಸಿಕ್ಕಿತು, ಆದರೆ ಗಣಿ ತೋಡುವಷ್ಟು ದುಡ್ಡು ಕೈಯಲ್ಲಿರಲಿಲ್ಲ. ಎರಡೇ ವರ್ಷದಲ್ಲಿ ಆ ಹಕ್ಕನ್ನು ಬೆರೆಸ್‌ಫರ್ಡ್ ಮತ್ತು ಅವರ ಗೆಳೆಯರಿಗೆ ದಾಟಿಸಿದರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು, ಷೇರು ಮಾರಿ ಬಂಡವಾಳ ಎತ್ತಿದರು. ಇಲ್ಲಿ ಒಂದು ವಿಷಯ ಗಮನಿಸಿ: ನೆಲ ಇವರಲ್ಲಿ ಯಾರದ್ದೂ ಅಲ್ಲ, ಮೈಸೂರು ಸರ್ಕಾರದ್ದು. ಇವರ ಹತ್ತಿರ ಇದ್ದದ್ದು ಒಂದು ಕಾಗದ ಮಾತ್ರ. ಆದರೆ ಅದನ್ನ ಇನ್ನೊಬ್ಬರ ಹೆಸರಿಗೆ ಬರೆದುಕೊಡಬಹುದಿತ್ತು. ಅಷ್ಟಕ್ಕೇ ದುಡ್ಡು ಹುಟ್ಟಿತು.

ಈಗ ಅದೇ ನೆಲದ ಮೇಲೆ ಇದ್ದ ಕಾರ್ಮಿಕರ ಕಡೆ ಬನ್ನಿ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರೇ ಹೆಚ್ಚು. ಮೊದಲು ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಕಂಪನಿಯ ಲೈನ್ ಮನೆಗಳು. ಅಜ್ಜ, ಅಪ್ಪ, ಮಗ ಒಂದೇ ಮನೆಯಲ್ಲಿ ಬಾಳಿದರು, ಸುಣ್ಣ ಹೊಡೆದರು, ಮುಂದಕ್ಕೆ ಒಂದು ಶೀಟ್ ಎಳೆದುಕೊಂಡರು. ಕಾಗದದಲ್ಲಿ ಮಾತ್ರ ಮನೆ ಕಂಪನಿಯದ್ದೇ. ಹಾಗಾಗಿ ಮಗಳ ಮದುವೆ ಬಂದರೆ ಮನೆ ಅಡವಿಡೋ ಹಾಗಿಲ್ಲ. ಕೈಸಾಲ, ಚೀಟಿ, ಇಲ್ಲಾಂದ್ರೆ ಒಡವೆ ಗಿರವಿ. ಭೂಮಿಯಿಂದ ಚಿನ್ನ ಎತ್ತುವವರು ಹೆಂಡತಿಯ ಕಿವಿಯೋಲೆ ಒತ್ತೆಯಿಡೋದು!

1956ರಲ್ಲಿ ಗಣಿಗಳು ರಾಷ್ಟ್ರೀಕರಣವಾದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯ್ತು. 2001ರ ಫೆಬ್ರವರಿ 28ಕ್ಕೆ ಬೀಗ ಬಿತ್ತು. ಸಂಬಳ ನಿಂತಿತು, ಜನ ಅದೇ ಮನೆಗಳಲ್ಲಿ ಉಳಿದರು.

ಇನ್ನು ಬ್ಯಾಂಕಿನ ಲೆಕ್ಕ. ಬ್ಯಾಂಕು ನಿಮ್ಮ ಮನೆಯ ಗೋಡೆ ನೋಡಿ ಸಾಲ ಕೊಡಲ್ಲ. ನೀವು ಕಂತು ಕಟ್ಟದಿದ್ದರೆ ಆ ಮನೆಯನ್ನ ತಾನು ಮಾರಬಹುದಾ ಅಂತ ನೋಡುತ್ತೆ. 2002ರ ಸರ್ಫೇಸಿ ಕಾಯ್ದೆ ಪ್ರಕಾರ 60 ದಿನದ ನೋಟಿಸ್ ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನ ಹರಾಜಿಗೆ ತರಬಹುದು. ನಿಮ್ಮ ಹೆಸರಲ್ಲೇ ಇಲ್ಲದ್ದನ್ನ ನೀವು ಅಡವಿಡೋದು ಹೇಗೆ, ಅವರು ಮಾರೋದು ಹೇಗೆ?

ಸ್ಟಾಂಪ್ ಪೇಪರ್ ಕಥೆಯೂ ಅಷ್ಟೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ: ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಮನೆ ಮಾರಾಟಕ್ಕೆ ನೋಂದಾಯಿತ ಕ್ರಯಪತ್ರ ಬೇಕು. ಬರೀ ಅಗ್ರಿಮೆಂಟ್‌ನಿಂದ ಮಾಲೀಕತ್ವ ಬರಲ್ಲ. ಜನರಲ್ ಪವರ್ ಆಫ್ ಅಟಾರ್ನಿ ಮೇಲೆ ಮಾಡೋ ಮಾರಾಟಕ್ಕೂ ಸುಪ್ರೀಂ ಕೋರ್ಟ್ 2011ರಲ್ಲಿ ಇದೇ ಮಾತು ಹೇಳಿತು.

‘ಹೋಗ್ಲಿ, ಭೋಗ್ಯಕ್ಕೆ ಹಾಕ್ಕೊಳ್ತೀನಿ’ ಅನ್ನೋರು ಇದ್ದಾರೆ. ಭೋಗ್ಯವೂ ಒಂದು ಅಡಮಾನವೇ ಸ್ವಾಮಿ! ನೀವು ಕೊಡೋ ದುಡ್ಡು ಸಾಲ, ನೀವು ಅಲ್ಲಿ ವಾಸ ಮಾಡೋದು ಅದರ ಬಡ್ಡಿ. ಅದನ್ನೂ ನೋಂದಾಯಿಸಬೇಕು, ಬರೆದುಕೊಡುವವರು ಮಾಲೀಕರೇ ಆಗಿರಬೇಕು. ಬೆಂಗಳೂರಲ್ಲಿ ಲೀಸ್‌ಗೆ ಮನೆ ಹುಡುಕುವಾಗಲೂ ಮೊದಲು ಇಸಿ ತೆಗೆಸಿ. ಮಾಲೀಕರು ಆಗಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ ಸರದಿಯಲ್ಲಿ ನೀವು ಹಿಂದೆ.

ಪ್ರಶ್ನೆ ಕೇಳಿದವರಿಗೆ: ಮೂಲ ಪತ್ರ, ಇಸಿ, ಖಾತೆ ಮೂರನ್ನೂ ಕೇಳಿ, ಯಾರ ಹೆಸರಿದೆ ನೋಡಿ. ಅಡ್ವಾನ್ಸ್ ಅಂತ ಒಂದು ರೂಪಾಯಿನೂ ಕೊಡಬೇಡಿ. ಮನೆ ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಮಾಜಿ ಕಾರ್ಮಿಕರು ಗಣಿ ಮುಚ್ಚಿದಾಗಿನಿಂದ ಕೇಳ್ತಾ ಬಂದಿದ್ದಾರೆ. ನಿಮಗೆ ಮಾರ್ತೀನಿ ಅಂದವರೂ ಪ್ರಾಯಶಃ ಆ ಕಾಗದಕ್ಕೇ ಕಾಯ್ತಿರೋ ಮನೆಯವರು.