ಕನ್ನಡ ಸುದ್ದಿವಾಹಿನಿಗಳು: ಕಾರ್ಯಕ್ರಮ ಮತ್ತು ಸಿಬ್ಬಂದಿಯ ಚರಿತ್ರೆ

ದಿನವಿಡೀ ಅಥವಾ ದಿನದ ನಿಗದಿತ ಹೊತ್ತುಗಳಲ್ಲಿ ಕನ್ನಡದಲ್ಲಿ ಸುದ್ದಿಯನ್ನು ದೃಶ್ಯಸಹಿತ ಬಿತ್ತರಿಸುವ ದೂರದರ್ಶನ ಕೇಂದ್ರಗಳು, ಉಪಗ್ರಹ ವಾಹಿನಿಗಳು ಹಾಗೂ ಜಿಲ್ಲಾ ಮಟ್ಟದ ಕೇಬಲ್ ವಾಹಿನಿಗಳು ಈ ಲೇಖನದ ವ್ಯಾಪ್ತಿಗೆ ಸೇರುತ್ತವೆ. ಈ ವಿಷಯದ ಬರಹಗಳು ಬಹುಮಟ್ಟಿಗೆ ಉದ್ಘಾಟನೆಯ ದಿನಾಂಕ ಮತ್ತು ಒಡೆತನದ ಪಟ್ಟಿಯಲ್ಲೇ ಮುಗಿಯುತ್ತವೆ. ಸುದ್ದಿಯನ್ನು ಯಾವ ಊರಿನಲ್ಲಿ ಕುಳಿತು ಜೋಡಿಸಲಾಗುತ್ತಿತ್ತು, ಅದನ್ನು ತಂದವರು ಯಾವ ಷರತ್ತಿನ ಮೇಲೆ ದುಡಿಯುತ್ತಿದ್ದರು ಎಂಬ ಸಂಗತಿಗಳು ಬದಿಗೆ ಸರಿದಿವೆ. ಕಾರ್ಯಕ್ರಮದ ಸ್ವರೂಪ ಬದಲಾದ ಪ್ರತಿಯೊಂದು ಘಟ್ಟದಲ್ಲೂ ಮೊದಲು ಬದಲಾದದ್ದು ಈ ಎರಡು ಸಂಗತಿಗಳೇ ಆದ್ದರಿಂದ ಇಲ್ಲಿ ಅವಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಕನ್ನಡ ದೂರದರ್ಶನ ಕಾರ್ಯಕ್ರಮಗಳ ನಿರ್ಮಾಣ ಕರ್ನಾಟಕದ ಹೊರಗೆ ಆರಂಭವಾಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದ ಪಾಲಿಗೆ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರದ ಹಳ್ಳಿಗಳು ಆಯ್ಕೆಯಾದರೂ ಅವುಗಳಿಗೆ ಬೇಕಾದ ಕನ್ನಡ ಕಾರ್ಯಕ್ರಮಗಳು ತೆಲುಗಿನ ಜೊತೆಯಲ್ಲೇ ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗದಲ್ಲಿ ರಾಜ್ಯದ ಮೊದಲ ಪ್ರಸಾರ ಕೇಂದ್ರ ಬಂದಿತು. ಹೀಗಾಗಿ ಕರ್ನಾಟಕದ ದೂರದರ್ಶನ ಚರಿತ್ರೆಯನ್ನು ಬೆಂಗಳೂರು ಕೇಂದ್ರ ಆರಂಭವಾದ 1981ರ ನವೆಂಬರ್ 1ರಿಂದ ಎಣಿಸುವ ರೂಢಿ ಸರಿಯಲ್ಲ. ಬೆಂಗಳೂರು ದೂರದರ್ಶನದ ಮುಂದಿನ ಕಥೆ, ಅಂದರೆ ಪ್ರಾದೇಶಿಕ ವಾರ್ತೆ, ಡಿಡಿ-9 ಎಂಬ ಉಪಗ್ರಹ ವಾಹಿನಿ ಮತ್ತು ಅದು ‘ಚಂದನ’ವಾದ ಬಗೆ ಸಾಕಷ್ಟು ದಾಖಲಾಗಿದೆ.

ಖಾಸಗಿ ವಾಹಿನಿಗಳ ಕಾಲ 1994ರ ಜೂನ್‌ನಲ್ಲಿ ಆರಂಭವಾದ ಉದಯ ಟಿವಿಯಿಂದ ಶುರುವಾಗುತ್ತದೆ. ಚೆನ್ನೈನ ಸನ್ ಸಮೂಹಕ್ಕೆ ಸೇರಿದ ಈ ವಾಹಿನಿಯು ಬಂದಾಗ ಖಾಸಗಿ ಸಂಸ್ಥೆಗಳಿಗೆ ಭಾರತದ ನೆಲದಿಂದ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಅನುಮತಿ ಇರಲಿಲ್ಲ; 1998ರ ನಂತರ ಹಂತಹಂತವಾಗಿ ಆ ನಿರ್ಬಂಧ ಸಡಿಲವಾಗುವವರೆಗೆ ಹೊರದೇಶದ ಭೂಕೇಂದ್ರಗಳನ್ನೇ ಅವಲಂಬಿಸಬೇಕಿದ್ದುದರಿಂದ, ಆಯಾ ದಿನದ ಸುದ್ದಿಯನ್ನು ಅದೇ ದಿನ, ಬೇಕೆಂದ ಗಳಿಗೆಯಲ್ಲಿ ತೋರಿಸುವುದು ಸುಲಭವಿರಲಿಲ್ಲ. 2000ದ ಡಿಸೆಂಬರ್‌ನಲ್ಲಿ ಬಂದ ಈಟಿವಿ ಕನ್ನಡದ ಸುದ್ದಿ ವಿಭಾಗ ಕೆಲಸ ಮಾಡಿದ್ದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಿಂದ. ಜಿಲ್ಲೆಗಳಲ್ಲಿ ವರದಿಗಾರರನ್ನು ಹಬ್ಬಿಸಿ, ಅವರು ಕಳುಹಿಸಿದ ದೃಶ್ಯಗಳನ್ನು ನೂರಾರು ಮೈಲಿ ದೂರದ ಊರಿನಲ್ಲಿ ಕನ್ನಡದ ಯುವ ಪತ್ರಕರ್ತರು ಸಂಕಲಿಸಿ ಓದುವ ಈ ಪದ್ಧತಿಯು ವಿಚಿತ್ರವೆನಿಸಿದರೂ ಅದರ ಫಲ ದೊಡ್ಡದು: ಮುಂದಿನ ದಶಕದ ಸುದ್ದಿವಾಹಿನಿಗಳಿಗೆ ಬೇಕಾದ ಸಂಕಲನಕಾರರು, ನಿರೂಪಕರು ಮತ್ತು ಜಿಲ್ಲಾ ವರದಿಗಾರರಲ್ಲಿ ಅನೇಕರು ಪಳಗಿದ್ದು ಅಲ್ಲಿಯೇ. ಪತ್ರಕರ್ತ ರವಿ ಬೆಳಗೆರೆ ನಡೆಸಿಕೊಟ್ಟ ‘ಕ್ರೈಂ ಡೈರಿ’ ಅದೇ ವಾಹಿನಿಯದು. ಅದರ ಮೂಲಕ ಪತ್ರಿಕೆಯ ಅಪರಾಧ ವರದಿಯು ದೂರದರ್ಶನದ ಪ್ರತ್ಯೇಕ ಕಾರ್ಯಕ್ರಮವಾಗಿ ನೆಲೆಗೊಂಡಿತು.

ಮೊದಲ ಕನ್ನಡ ಸುದ್ದಿವಾಹಿನಿ ಯಾವುದು ಎಂಬ ಬಗ್ಗೆ ಆಕರಗಳಲ್ಲಿ ಒಮ್ಮತವಿಲ್ಲ. 2006ರ ಡಿಸೆಂಬರ್‌ನಲ್ಲಿ ಆರಂಭವಾದ ಟಿವಿ9 ಕನ್ನಡಕ್ಕೆ ಆ ಸ್ಥಾನ ಕೊಡುವ ಬರಹಗಳು ಹೇರಳವಾಗಿವೆ. ಆದರೆ ಸನ್ ಸಮೂಹವು ಅದಕ್ಕೂ ಮೊದಲೇ ‘ಉದಯ ವಾರ್ತೆಗಳು’ ಎಂಬ ಪ್ರತ್ಯೇಕ ವಾಹಿನಿಯನ್ನು ನಡೆಸುತ್ತಿತ್ತು, ಮತ್ತು ‘ಉದಯ ನ್ಯೂಸ್’ ಎಂದು ಹೆಸರಾದದ್ದು ಅದೇ. ಕಾಲಾನುಕ್ರಮವನ್ನು ಮಾನದಂಡವಾಗಿ ಹಿಡಿದರೆ ಅಗ್ರಸ್ಥಾನ ಉದಯದ್ದೇ ಹೊರತು ಟಿವಿ9ನದಲ್ಲ. ಗೊಂದಲಕ್ಕೆ ಕಾರಣ ಕಾರ್ಯಕ್ರಮದ ಸ್ವರೂಪದಲ್ಲಿದೆ. ಉದಯದ ವಾಹಿನಿಯು ಗಂಟೆಗಂಟೆಯ ವಾರ್ತಾಸಂಚಿಕೆಯ ಮಾದರಿಯನ್ನು, ಅಂದರೆ ಬರೆದು ಮುಗಿಸಿದ ಸುದ್ದಿಯನ್ನು ನಿಗದಿತ ಹೊತ್ತಿಗೆ ಸಮಚಿತ್ತದಿಂದ ಓದುವ ದೂರದರ್ಶನದ ಸಂಪ್ರದಾಯವನ್ನು ಬಿಡಲಿಲ್ಲ. ಟಿವಿ9 ಸ್ಥಳದಿಂದಲೇ ನೇರ ಪ್ರಸಾರ, ದೂರವಾಣಿಯಲ್ಲಿ ವರದಿಗಾರನ ಧ್ವನಿ ಕೇಳಿಸುವ ‘ಫೋನೋ’ ಮತ್ತು ಪರದೆಯ ಕೆಳಗೆ ಸದಾ ಹರಿಯುವ ಅಕ್ಷರಸಾಲುಗಳನ್ನು ದಿನಚರಿಯ ತಿರುಳಾಗಿಸಿತು. ವೀಕ್ಷಕರ ಅನುಭವದಲ್ಲಿ ಹೊಸದೆನಿಸಿದ್ದು ಎರಡನೆಯದು. ದಾಖಲೆಗಳು ಆ ಅನುಭವವನ್ನೇ ಕಾಲಗಣನೆಯೆಂದು ತಪ್ಪಾಗಿ ಗ್ರಹಿಸಿವೆ.

ಈ ಹೊಸ ಸ್ವರೂಪಕ್ಕೆ ಬೇಕಾದ ಸಿಬ್ಬಂದಿಯೂ ಬೇರೆಯಾಗಿತ್ತು. ವಾರ್ತಾವಾಚಕ ಎಂಬ ಹುದ್ದೆ ಹಿಂದೆ ಸರಿದು, ಬರಹವಿಲ್ಲದೆ ಗಂಟೆಗಟ್ಟಲೆ ಮಾತನಾಡಬಲ್ಲ ನಿರೂಪಕ ಮುಂದೆ ಬಂದನು. 2008ರ ಮಾರ್ಚ್‌ನಲ್ಲಿ ಸುವರ್ಣ ನ್ಯೂಸ್ ಬಂದ ಮೇಲೆ ಪತ್ರಿಕಾ ಸಂಪಾದಕರೇ ಪರದೆಗೆ ಬರುವ ಪರಿಪಾಠ ಗಟ್ಟಿಯಾಯಿತು. ಕನ್ನಡಪ್ರಭದ ಸಂಪಾದಕರಾಗಿದ್ದ ಎಚ್.ಆರ್. ರಂಗನಾಥ್ ಸುವರ್ಣ ನ್ಯೂಸ್ ಮೂಲಕ ಮನೆಮಾತಾಗಿ, ಅಲ್ಲಿಂದ ಹೊರಬಂದು 2012ರ ಫೆಬ್ರವರಿ 12ರಂದು ಪಬ್ಲಿಕ್ ಟಿವಿಯನ್ನು ಆರಂಭಿಸಿದರು. ವಿಜಯ ಕರ್ನಾಟಕವನ್ನು ತೊರೆದ ವಿಶ್ವೇಶ್ವರ ಭಟ್ 2011ರಲ್ಲಿ ಕನ್ನಡಪ್ರಭಕ್ಕೆ ಬಂದು ಸುವರ್ಣ ನ್ಯೂಸ್‌ನ ಹೊಣೆಯನ್ನೂ ಹೊತ್ತರು. ಪಬ್ಲಿಕ್ ಟಿವಿಯ ‘ಬಿಗ್ ಬುಲೆಟಿನ್’ ಈ ಬದಲಾವಣೆಯ ಪೂರ್ಣರೂಪ: ಅಲ್ಲಿ ಸಂಪಾದಕೀಯ ಮತ್ತು ವಾರ್ತೆ ಒಬ್ಬನೇ ವ್ಯಕ್ತಿಯ ಮಾತಿನಲ್ಲಿ ಒಂದಾದವು. ವಾಹಿನಿಯ ಹೆಸರಿಗಿಂತ ವ್ಯಕ್ತಿಯ ಹೆಸರು ದೊಡ್ಡದಾದ ಈ ಪದ್ಧತಿಯಲ್ಲಿ ಒಬ್ಬ ಮುಖ್ಯಸ್ಥ ಹೊರನಡೆದರೆ ಕಾರ್ಯಕ್ರಮಗಳ ಪಟ್ಟಿಯೇ ಬದಲಾಗುವ ಸ್ಥಿತಿ ಬಂದಿತು.

ಅದೇ 2012ರ ಫೆಬ್ರವರಿ 7ರಂದು ವಿಧಾನಸಭೆಯ ಕಲಾಪದ ವೇಳೆ ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದರೆಂಬ ಆರೋಪಕ್ಕೆ ಆಧಾರವಾದ ಚಿತ್ರಿಕೆಯನ್ನು ಖಾಸಗಿ ವಾಹಿನಿಗಳು ಬಿತ್ತರಿಸಿದವು, ಮೂವರು ಸಚಿವರು ರಾಜೀನಾಮೆ ನೀಡಿದರು. ಕನ್ನಡ ಸುದ್ದಿವಾಹಿನಿಯ ಕ್ಯಾಮೆರಾ ಸಿಬ್ಬಂದಿ ಸಾರ್ವಜನಿಕ ಬದುಕಿನಲ್ಲಿ ಇಷ್ಟು ನೇರವಾದ ಪರಿಣಾಮ ಉಂಟುಮಾಡಿದ ಸಂದರ್ಭ ಮತ್ತೊಂದು ಸಿಗುವುದು ಕಷ್ಟ. ಆದರೆ ಅಂಥ ಅವಕಾಶ ಮುಂದೆ ಉಳಿಯಲಿಲ್ಲ: 2019ರ ಅಕ್ಟೋಬರ್‌ನಲ್ಲಿ ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ಸದನದೊಳಗೆ ಖಾಸಗಿ ಕ್ಯಾಮೆರಾಗಳನ್ನು ನಿಷೇಧಿಸಿದರು.

ಒಡೆತನದ ವಿಷಯದಲ್ಲಿ 2011ರ ಕೇಂದ್ರ ನೀತಿಗೆ ದಕ್ಕಬೇಕಾದ ಗಮನ ದಕ್ಕಿಲ್ಲ. ಮೊದಲ ಸುದ್ದಿವಾಹಿನಿಗೆ ಅನುಮತಿ ಬೇಡುವ ಸಂಸ್ಥೆಯ ನಿವ್ವಳ ಆಸ್ತಿ ಕನಿಷ್ಠ 20 ಕೋಟಿ ರೂಪಾಯಿ ಇರಬೇಕೆಂಬ ನಿಯಮ ಬಂದ ಮೇಲೆ ಬರಿಯ ಪತ್ರಕರ್ತರ ಬಳಗವೊಂದು ವಾಹಿನಿ ಕಟ್ಟುವುದು ದುಸ್ತರವಾಯಿತು. ರಾಜಕಾರಣಿಗಳ ಮತ್ತು ಅವರ ಕುಟುಂಬಗಳ ವಾಹಿನಿಗಳು ಅದಕ್ಕೂ ಮೊದಲೇ ಇದ್ದವು: ಎಚ್.ಡಿ. ದೇವೇಗೌಡರ ಕುಟುಂಬದ ಅನಿತಾ ಕುಮಾರಸ್ವಾಮಿ ಅವರ ಒಡೆತನದ ಕಸ್ತೂರಿ ವಾಹಿನಿ ಹಾಗೂ ಅದರ ಸುದ್ದಿ ಶಾಖೆ ಇದಕ್ಕೆ ಒಂದು ಉದಾಹರಣೆ.

ಬೆಂಗಳೂರಿನ ಹೊರಗೆ ದುಡಿಯುವವರ ಸ್ಥಿತಿ ಈ ಚರಿತ್ರೆಯ ಅತ್ಯಂತ ಉಪೇಕ್ಷಿತ ಭಾಗ. ತಾಲ್ಲೂಕು ಮಟ್ಟದಲ್ಲಿ ಸುದ್ದಿ ಒದಗಿಸುವ ‘ಸ್ಟ್ರಿಂಗರ್’ ಎಂದರೆ ಮಾಸಿಕ ವೇತನವಿಲ್ಲದೆ ಸುದ್ದಿಯೊಂದಕ್ಕೆ ಇಷ್ಟೆಂದು ಹಣ ಪಡೆಯುವ ಅರೆಕಾಲಿಕ ವರದಿಗಾರ. ಕ್ಯಾಮೆರಾ, ವಾಹನ, ಇಂಧನದ ಖರ್ಚು ಅನೇಕ ವೇಳೆ ಅವನದೇ. ಉದಾಹರಣೆಗೆ ಹಾಸನ ಜಿಲ್ಲೆಯಲ್ಲಿ, ಹಾಸನಾಂಬೆಯ ಗುಡಿ ಬಾಗಿಲು ತೆರೆಯುವ ದಿನಗಳಲ್ಲಿ, ಆಲೂರು–ಸಕಲೇಶಪುರದ ಕಡೆ ಕಾಡಾನೆ ಹಾವಳಿಯ ಹೊತ್ತಿನಲ್ಲಿ ರಾಜ್ಯವೆಲ್ಲ ನೋಡುವ ದೃಶ್ಯಗಳ ಹಿಂದೆ ಇಂಥವರ ದುಡಿಮೆ ಇರುತ್ತದೆ. 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆಯು ವೃತ್ತಪತ್ರಿಕೆಗಳವರಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ ವೇತನ ಮಂಡಳಿಯ ರಕ್ಷಣೆ ದೂರದರ್ಶನದವರಿಗೆ ಎಂದೂ ಸಿಗಲಿಲ್ಲ. ವಿದ್ಯುನ್ಮಾನ ಮಾಧ್ಯಮದವರನ್ನೂ ಕಾರ್ಯನಿರತ ಪತ್ರಕರ್ತರೆಂದು ಗುರುತಿಸಿದ್ದು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ. ಈ ನಡುವೆ 2017ರ ಅಕ್ಟೋಬರ್‌ನಲ್ಲಿ ನಷ್ಟದ ಕಾರಣ ನೀಡಿ ಉದಯ ನ್ಯೂಸ್ ಪ್ರಸಾರ ನಿಲ್ಲಿಸಿತು. ಸಂಯಮದ ವಾರ್ತಾವಾಚನದ ಮಾದರಿಯನ್ನು ಉಳಿಸಿಕೊಂಡಿದ್ದ ಖಾಸಗಿ ವಾಹಿನಿಯೊಂದು ಹೀಗೆ ಮುಚ್ಚಿದ್ದು, ಟಿವಿ9ರ ಆಗಮನದಷ್ಟೇ ಮಹತ್ವದ ತಿರುವು.

ಜಿಲ್ಲಾ ಕೇಬಲ್ ವಾಹಿನಿಗಳದು ಬೇರೆಯೇ ಚರಿತ್ರೆ. ಹಳೆಯ ಅನಲಾಗ್ ಕಾಲದಲ್ಲಿ ಊರಿನ ಕೇಬಲ್ ನಿರ್ವಾಹಕನು ತನ್ನ ನಿಯಂತ್ರಣ ಕೊಠಡಿಯಿಂದಲೇ ಒಂದು ಖಾಲಿ ಚಾನೆಲ್ಲಿಗೆ ಸ್ಥಳೀಯ ಸುದ್ದಿ, ಜಾತ್ರೆ, ಸಾವಿನ ಸೂಚನೆ, ಅಂಗಡಿಯ ಜಾಹೀರಾತುಗಳನ್ನು ಹಾಕಬಹುದಿತ್ತು. ವರದಿಗಾರ, ಛಾಯಾಗ್ರಾಹಕ ಮತ್ತು ವಾಚಕ ಒಬ್ಬನೇ ಆಗಿರುವುದೂ ಸಾಮಾನ್ಯವಾಗಿತ್ತು. ಕೇಬಲ್ ಡಿಜಿಟಲೀಕರಣವು ಈ ಸ್ವಾತಂತ್ರ್ಯವನ್ನು ಮೊಟಕುಗೊಳಿಸಿತು. ಹಾಸನ, ಚನ್ನರಾಯಪಟ್ಟಣ, ಅರಕಲಗೂಡಿನಂತಹ ಪಟ್ಟಣಗಳು ಅದರ ಮೂರನೆಯ ಹಂತದಲ್ಲಿಯೂ ಶಾಂತಿಗ್ರಾಮದಂತಹ ಹೋಬಳಿ ಕೇಂದ್ರಗಳು ನಾಲ್ಕನೆಯ ಹಂತದಲ್ಲಿಯೂ ಸೇರಿದ್ದವು. ವ್ಯಾಜ್ಯ ಮತ್ತು ಗಡುವು ವಿಸ್ತರಣೆಗಳ ನಡುವೆ ಬದಲಾವಣೆ 2017ರವರೆಗೆ ಎಳೆಯಿತು. ಆ ಬಳಿಕ ಸ್ಥಳೀಯ ಸುದ್ದಿಯು ಬಹು ವ್ಯವಸ್ಥಾ ನಿರ್ವಾಹಕ ಎಂದು ಕರೆಯಲಾಗುವ ದೊಡ್ಡ ಸಂಸ್ಥೆಯ ಸಂಕೇತದೊಳಗೆ ಜಾಗ ಪಡೆದೇ ಮನೆ ತಲುಪಬೇಕಾಯಿತು.

2022ರ ನವೆಂಬರ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಇಂತಹ ವಾಹಿನಿಗಳನ್ನು ‘ಪ್ಲಾಟ್‌ಫಾರ್ಮ್ ಸೇವೆ’ಗಳೆಂದು ವರ್ಗೀಕರಿಸಿ, ವಾಹಿನಿಯೊಂದಕ್ಕೆ 1,000 ರೂಪಾಯಿಯ ನೋಂದಣಿ ಶುಲ್ಕವನ್ನೂ ಒಟ್ಟು ವಾಹಿನಿ ಸಾಮರ್ಥ್ಯದ ಶೇ. 5ರ ಮಿತಿಯನ್ನೂ ವಿಧಿಸಿತು; ಸ್ಥಳೀಯ ಸುದ್ದಿ ನೀಡಬೇಕಾದರೆ ನಿರ್ವಾಹಕ ಸಂಸ್ಥೆ ಕಂಪನಿಯಾಗಿ ನೋಂದಾಯಿತವಾಗಿರುವುದು ಕಡ್ಡಾಯವಾಯಿತು. ಪ್ರಸಾರವಾದ ಕಾರ್ಯಕ್ರಮಗಳ ಮುದ್ರಿಕೆಯನ್ನು ಈ ಮಾರ್ಗಸೂಚಿಯ ಪ್ರಕಾರ ಕಾಯ್ದಿಡಬೇಕಾದ ಅವಧಿ 90 ದಿನಗಳು.