ಹರಿಹರದ ಶಾಸನಪಾಠಗಳೂ ಕಡತಗಳ ಪೂರ್ವಸ್ಥಿತಿಯ ರಕ್ಷಣೆಯೂ

ತುಂಗಭದ್ರಾ ತೀರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ.ಶ. 1224ರಲ್ಲಿ ಕಟ್ಟಿಸಿದನೆಂಬುದು ಶಾಸನಗಳಿಂದ ವಿದಿತವಾದ ಸಂಗತಿ. ಈ ಸ್ಥಳದ ಶಾಸನಗಳು ವಿದ್ವಾಂಸರ ಕೈಗೆ ಒಂದೇ ಬಾರಿಗೆ ಬಂದವಲ್ಲ. 1865ರಲ್ಲಿ ಮೇಜರ್ ಡಿಕ್ಸನ್ ತೆಗೆದ ಛಾಯಾಚಿತ್ರಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಬಿ. ಎಲ್. ರೈಸ್ ಅವರು 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಅನುವಾದಗ್ರಂಥವನ್ನು ಹೊರತಂದರು. ಅವರದೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟವು 1903ರಲ್ಲಿ ಪ್ರಕಟವಾಯಿತು. ಎರಡನೆಯ ಗ್ರಂಥವು ಮೊದಲನೆಯದನ್ನು ಅಳಿಸಲಿಲ್ಲ. ಎರಡನ್ನೂ ಎದುರಿಗಿಟ್ಟು ಹೋಲಿಸುವ ಅವಕಾಶ ಇಂದಿಗೂ ನಮಗಿದೆ. ಅಚ್ಚಿನ ಈ ಗುಣ ಕಂಪ್ಯೂಟರಿನ ಕಡತಕ್ಕೆ ಸಹಜವಾಗಿ ಬಂದುದಲ್ಲ. ಅಲ್ಲಿ ತಿದ್ದಿದೊಡನೆ ಹಿಂದಿನದು ಮರೆಯಾಗುತ್ತದೆ.

ಇದನ್ನು ನಾವು ಅನುಭವದಿಂದಲೇ ಕಲಿತೆವು. 1903ರ ಸಂಪುಟದಲ್ಲಿ ಹರಿಹರದ ಶಾಸನಗಳು ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿನ ಕೆಳಗೆ ಬರುತ್ತವೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ವಿಳಾಸಗಳನ್ನು ಸರಿಪಡಿಸುವ ಉತ್ಸಾಹದಲ್ಲಿ ನಾವು ನಮ್ಮ ಪಾಠಸಂಗ್ರಹದ ಎಲ್ಲ ಕಡತಗಳಲ್ಲಿಯೂ ‘ಚಿತ್ರದುರ್ಗ’ವನ್ನು ‘ದಾವಣಗೆರೆ’ ಎಂದು ಒಮ್ಮೆಲೇ ಬದಲಾಯಿಸಿದೆವು. ಸಂಪುಟದ ಹೆಸರೂ ಬದಲಾಯಿತು. ಇಂದಿಗೂ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇರುವ ಊರುಗಳೂ ಸ್ಥಳಾಂತರಗೊಂಡವು! ತಪ್ಪು ಗೋಚರವಾದುದು ಮೂರು ವಾರಗಳ ತರುವಾಯ. ಅಷ್ಟರಲ್ಲಿ ಹೊಸ ಪಾಠಗಳು ಅನೇಕ ಸೇರಿದ್ದವು.

ನಮ್ಮನ್ನು ಕಾಪಾಡಿದುದು ‘ಸ್ನ್ಯಾಪ್‌ಷಾಟ್’ ಎಂಬ ಏರ್ಪಾಡು. ಕಡತವ್ಯವಸ್ಥೆಯ ಒಂದು ಕ್ಷಣದ ಸ್ಥಿತಿಯನ್ನು ಬದಲಾಗದಂತೆ ಹಿಡಿದಿಡುವುದೇ ಇದರ ಕಾರ್ಯ. 1994ರಲ್ಲಿ ಹಿಟ್ಜ್, ಲಾವ್ ಮತ್ತು ಮಾಲ್ಕಮ್ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಇದರ ವಿವರಣೆಯಿದೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ರೂಪುಗೊಂಡು 2005ರಲ್ಲಿ ಬಳಕೆಗೆ ತೆರೆದ ಝಡ್‌ಎಫ್‌ಎಸ್ ವ್ಯವಸ್ಥೆಯು ಇದನ್ನು ಸುಲಭಗೊಳಿಸಿತು. ಸ್ನ್ಯಾಪ್‌ಷಾಟ್ ತೆಗೆಯುವಾಗ ಕಡತಗಳ ನಕಲಾಗುವುದಿಲ್ಲ. ಮುಂದೆ ತಿದ್ದಿದ ಬರಹವು ಡಿಸ್ಕಿನ ಬೇರೆ ಭಾಗದಲ್ಲಿ ಬೀಳುತ್ತದೆ. ಹಳೆಯ ಭಾಗ ಇದ್ದಲ್ಲಿಯೇ ಉಳಿಯುತ್ತದೆ. ಆದಕಾರಣ ಬದಲಾದಷ್ಟಕ್ಕೆ ಮಾತ್ರ ಹೆಚ್ಚಿನ ಸ್ಥಳ ಬೇಕಾಗುತ್ತದೆ.

ಇದನ್ನೆಲ್ಲ ಕಮಾಂಡ್ ಲೈನಿನಲ್ಲಿ ಕೆಲವೇ ಆಜ್ಞೆಗಳಿಂದ ನಡೆಸಬಹುದು. ‘ಝಡ್‌ಎಫ್‌ಎಸ್ ಸ್ನ್ಯಾಪ್‌ಷಾಟ್’ ಎಂದು ಬರೆದು, ಸಂಗ್ರಹದ ಹೆಸರು, @ ಚಿಹ್ನೆ ಹಾಗೂ ದಿನಾಂಕವನ್ನು ಸೇರಿಸಿದರೆ ಆ ದಿನದ ಸ್ಥಿತಿ ದಾಖಲಾಗುತ್ತದೆ. ‘ಲಿಸ್ಟ್’ ಇದ್ದವುಗಳ ಪಟ್ಟಿ ಕೊಡುತ್ತದೆ. ‘ಡಿಫ್’ ಯಾವ ಕಡತಗಳು ಬದಲಾದವೆಂದು ತಿಳಿಸುತ್ತದೆ. ‘ಡೆಸ್ಟ್ರಾಯ್’ ಬೇಡವಾದುದನ್ನು ತೆಗೆದುಹಾಕುತ್ತದೆ. ‘ಹೋಲ್ಡ್’ ಹಾಕಿದ ಸ್ನ್ಯಾಪ್‌ಷಾಟನ್ನು, ಅದನ್ನು ಬಿಡಿಸುವವರೆಗೂ, ಅಳಿಸಲಾಗದು.

‘ರೋಲ್‌ಬ್ಯಾಕ್’ ಎಂಬ ಆಜ್ಞೆಯ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಅಗತ್ಯ. ಅದು ಇಡೀ ಸಂಗ್ರಹವನ್ನೇ ಹಿಂದಿನ ದಿನಕ್ಕೆ ಒಯ್ಯುತ್ತದೆ. ಇತ್ತೀಚಿನದನ್ನು ಬಿಟ್ಟು ಅದಕ್ಕೂ ಹಿಂದಿನ ಸ್ಥಿತಿಗೆ ಹೋಗಬೇಕಾದರೆ ನಡುವಣ ಸ್ನ್ಯಾಪ್‌ಷಾಟುಗಳನ್ನೆಲ್ಲ ನಾಶಮಾಡಬೇಕಾಗುತ್ತದೆ. ಹಾಗೆ ಮಾಡಿದ್ದರೆ ನಮ್ಮ ಮೂರು ವಾರಗಳ ಪಾಠಗಳು ಹೋಗುತ್ತಿದ್ದವು. ತಪ್ಪು ನಡೆದ ಕುರುಹೂ ಉಳಿಯುತ್ತಿರಲಿಲ್ಲ. ಸಂಗ್ರಹದ ಮೂಲದಲ್ಲಿ ಅಡಗಿರುವ ಕೋಶವೊಂದರಲ್ಲಿ ಹಳೆಯ ಸ್ಥಿತಿಗಳು ಓದಲು ದೊರೆಯುತ್ತವೆ. ನಾವು ಅಲ್ಲಿಂದ ಒಂದೊಂದೇ ಕಡತವನ್ನು ನೋಡಿ, ಸಂಪುಟದ ವಿಳಾಸವನ್ನೂ ಇಂದಿನ ಜಿಲ್ಲೆಯನ್ನೂ ಬೇರೆ ಬೇರೆಯಾಗಿ ದಾಖಲಿಸಿದೆವು.

ಆದರೆ ಸ್ನ್ಯಾಪ್‌ಷಾಟ್ ಇರುವುದು ಮೂಲ ಕಡತಗಳಿರುವ ಡಿಸ್ಕುಗಳಲ್ಲಿಯೇ. ಅವು ಕೆಟ್ಟರೆ ಎರಡೂ ನಷ್ಟವಾಗುತ್ತವೆ. ಆದ್ದರಿಂದ ‘ಸೆಂಡ್’ ಮತ್ತು ‘ರಿಸೀವ್’ ಆಜ್ಞೆಗಳಿಂದ ಬೇರೊಂದು ಯಂತ್ರಕ್ಕೆ ಪ್ರತಿಯನ್ನು ಕಳುಹಿಸುವುದು ಅವಶ್ಯ. 1865ರ ಛಾಯಾಚಿತ್ರವು ಹರಿಹರದ ಕಲ್ಲನ್ನು ಬಿಟ್ಟು ದೂರ ಹೋದುದರಿಂದಲೇ ಊರಿಗೆ ಬಾರದವರೂ ಅದನ್ನು ಓದಲು ಸಾಧ್ಯವಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಇತಿಹಾಸಕಾರನಿಗೆ ಶುದ್ಧಪಾಠವೊಂದೇ ಸಾಲದು. ಅದು ಯಾವ ಪಾಠವನ್ನು ತಿದ್ದಿ, ಎಂದು ಸಿದ್ಧವಾಯಿತೆಂಬುದೂ ಬೇಕು. ತಿದ್ದುಪಡಿಗೆ ಕೈಹಾಕುವ ಮುನ್ನ ದಿನಾಂಕಸಹಿತವಾಗಿ ಪೂರ್ವಸ್ಥಿತಿಯನ್ನು ಉಳಿಸುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳಿಗೆ ಪಡಿಯಚ್ಚು ತೆಗೆಯುವ ಪಾಠದೊಡನೆಯೇ ಕಲಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.